ಮೂರು ವರ್ಷ ಆದರೂ ಎದುರು ಮನೆಯವರು ಒಳಗೆ ಕರೆದಿಲ್ಲ. ಜರ್ಮನಿಯಲ್ಲಿ ಇರುವವರು ಸ್ವಲ್ಪ ಹೇಳಿ

ಹಾಸನದವಳು, ಸ್ಟುಟ್‌ಗಾರ್ಟ್:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಮನಸ್ಸು ತಡೆಯಲಿಲ್ಲ. ಸ್ವಲ್ಪ ಉದ್ದ ಆಗಬಹುದು.

ನಾವಿರುವುದು ಬಾಡ್ ಕಾನ್‌ಸ್ಟಾಟ್ ಕಡೆ, ಆರು ಮನೆಗಳ ಒಂದು ಹಳೇ ಕಟ್ಟಡದಲ್ಲಿ. ಬಂದು ಮೂರು ವರ್ಷ ಆಯಿತು. ಎದುರು ಬಾಗಿಲಿನಲ್ಲಿ ಎಪ್ಪತ್ತು ದಾಟಿದ ಒಬ್ಬರು ಅಜ್ಜಿ ಇದ್ದಾರೆ, ಒಬ್ಬರೇ. ಮೆಟ್ಟಿಲಲ್ಲಿ ಸಿಕ್ಕರೆ 'ಗ್ರ್ಯೂಸ್ ಗಾಟ್' ಅನ್ನುತ್ತಾರೆ, ನಾನೂ ಅನ್ನುತ್ತೇನೆ, ಮುಗೀತು. ಮೂರು ವರ್ಷದಲ್ಲಿ ಅವರ ಮನೆಯ ಹೊಸಿಲು ದಾಟಿಲ್ಲ. ಅವರೂ ನಮ್ಮ ಮನೆಗೆ ಬಂದಿಲ್ಲ.

ಈ ದೀಪಾವಳಿಗೆ ಕೋಡುಬಳೆ, ರವೆ ಉಂಡೆ ಮಾಡಿದ್ದೆ. ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕೊಟ್ಟು ಬಂದೆ. ಬಾಗಿಲಲ್ಲೇ ನಿಂತು ತಗೊಂಡರು, ನಕ್ಕರು. ಮೂರನೇ ದಿನ ನೋಡಿದರೆ ನಮ್ಮ ಬಾಗಿಲ ಹಿಡಿಗೆ ಒಂದು ಬಟ್ಟೆ ಚೀಲ ನೇತಾಡುತ್ತಿದೆ. ಒಳಗೆ ನನ್ನ ಡಬ್ಬಿ. ತೊಳೆದು, ಒರೆಸಿ, ಫಳಫಳ ಅನ್ನುತ್ತಿದೆ. 'ಡಾಂಕೆ' (ಥ್ಯಾಂಕ್ಸ್) ಅಂತ ಒಂದು ಚೀಟಿ ಬಿಟ್ಟರೆ ಪೂರ್ತಿ ಖಾಲಿ. ನಮ್ಮ ಕಡೆ ಖಾಲಿ ಪಾತ್ರೆ ವಾಪಸ್ ಕೊಡುವುದುಂಟಾ? ಮನೇಲಿ ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಅಮ್ಮನಿಗೆ ಫೋನಲ್ಲಿ ಹೇಳಿದೆ. "ಅಯ್ಯೋ, ಅವರಿಗೆ ರುಚಿ ಹಿಡಿಸಲಿಲ್ವೇನೋ" ಅಂದರು.

ಅದರ ಮುಂದಿನ ಭಾನುವಾರ ಮಧ್ಯಾಹ್ನ ಚಟ್ನಿಗೆ ಮಿಕ್ಸಿ ಹಾಕಿದೆ. ಎರಡು ನಿಮಿಷ ಅಷ್ಟೇ. ಸಂಜೆ ಬಾಗಿಲಿಗೆ ಚೀಟಿ: 'ಭಾನುವಾರ ವಿಶ್ರಾಂತಿಯ ದಿನ, ದಯವಿಟ್ಟು ಗಮನಿಸಿ.' ಅದೇ ಅಕ್ಷರ, ಡಾಂಕೆ ಬರೆದ ಅದೇ ಪೆನ್ನು.

ಆಫೀಸಿನಲ್ಲೂ ಇದೇ ಕಥೆ. ಕೆಲಸದಲ್ಲಿ ಏನು ಕೇಳಿದರೂ ಪಕ್ಕದಲ್ಲಿ ಕೂತು ಹೇಳಿಕೊಡುತ್ತಾರೆ. ಶುಕ್ರವಾರ ನಾಲ್ಕು ಗಂಟೆ ಆದರೆ ಒಬ್ಬರೂ ಕಾಣುವುದಿಲ್ಲ, ಸೋಮವಾರದವರೆಗೆ ಯಾರು ಬದುಕಿದ್ದಾರೆ ಅಂತಲೂ ಗೊತ್ತಾಗಲ್ಲ. ಇವರು ಸ್ನೇಹವೇ ಬೇಡ ಅನ್ನುವ ಜನವಾ, ಅಥವಾ ನನ್ನಲ್ಲೇ ಏನಾದರೂ ತಪ್ಪಿದೆಯಾ?

ಫಿಲ್ಟರ್ ಕಾಫಿ, ಮ್ಯೂನಿಕ್:

ಅಕ್ಕಾ, ನಿಮ್ಮ ತಪ್ಪು ಒಂದೇ, ಭಾನುವಾರ ಮಿಕ್ಸಿ ಹಾಕಿದ್ದು. ಇಲ್ಲಿ ಭಾನುವಾರದ ವಿಶ್ರಾಂತಿ ಸಂವಿಧಾನದಲ್ಲೇ ಇದೆ, ತಮಾಷೆ ಅಲ್ಲ. 1919ರ ವೈಮರ್ ಸಂವಿಧಾನದ 139ನೇ ವಿಧಿಯನ್ನು 1949ರ ಈಗಿನ ಸಂವಿಧಾನ ಹಾಗೇ ಉಳಿಸಿಕೊಂಡಿದೆ. ಆ ಅಜ್ಜಿ ನಿಮ್ಮ ಮೇಲೆ ಸಿಟ್ಟಿನಿಂದ ಬರೆದದ್ದಲ್ಲ, ಸಂವಿಧಾನದ ಪರವಾಗಿ ಬರೆದಿದ್ದಾರೆ. ಚಟ್ನಿ ಶನಿವಾರ ರಾತ್ರಿ ಹತ್ತರೊಳಗೆ ರುಬ್ಬಿ ಫ್ರಿಜ್ಜಿನಲ್ಲಿ ಇಡಿ.

ತಿಪಟೂರು ಕಾಯಿ, ನ್ಯೂರೆಂಬರ್ಗ್:

ಇದಕ್ಕೆ ಒಂದು ಹಳೇ ವಿವರಣೆ ಇದೆ. ಕುರ್ಟ್ ಲೆವಿನ್ ಅಂತ ಮನಃಶಾಸ್ತ್ರಜ್ಞ. ಯಹೂದಿ, ಹಿಟ್ಲರ್ ಬಂದ ಮೇಲೆ 1933ರಲ್ಲಿ ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದರು. ಹೋದ ಮೇಲೆ ಎರಡೂ ಕಡೆಯ ಜನರನ್ನು ಹೋಲಿಸಿ 1936ರಲ್ಲಿ ಒಂದು ಲೇಖನ ಬರೆದರು. ಮನುಷ್ಯನನ್ನು ಈರುಳ್ಳಿ ಥರ ಪದರ ಪದರ ಅಂದುಕೊಳ್ಳಿ. ಅಮೆರಿಕದವರಲ್ಲಿ ಹೊರಗಿನ ಪದರಗಳೆಲ್ಲ ಸಲೀಸಾಗಿ ಬಿಟ್ಟುಕೊಡುತ್ತವೆ, ನಡುವಿನ ಸಣ್ಣ ತಿರುಳು ಮಾತ್ರ ಗಟ್ಟಿ. ಜರ್ಮನ್ನರಲ್ಲಿ ಗೋಡೆ ಹೊರಗೇ ಇದೆ, ಅದನ್ನು ದಾಟಿದರೆ ಒಳಗೆ ಅಷ್ಟು ತಡೆ ಇಲ್ಲ. ಆಮೇಲಿನವರು ಇದನ್ನೇ ಅಮೆರಿಕದವರು ಪೀಚ್ ಹಣ್ಣು (ಮೇಲೆ ಮೆತ್ತಗೆ, ನಡುವೆ ಗಟ್ಟಿ ಬೀಜ), ಜರ್ಮನ್ನರು ತೆಂಗಿನಕಾಯಿ ಅಂತ ಮಾಡಿದರು. ವಿದೇಶಕ್ಕೆ ಕಳಿಸುವಾಗ ಕಂಪನಿಗಳು ಕೊಡುವ ತರಬೇತಿಯಲ್ಲಿ ಈ ಎರಡು ಹಣ್ಣು ಬಂದೇ ಬರುತ್ತವೆ.

ತಿಪಟೂರಿನವನಾಗಿ ನನಗೆ ಇದರ ಬಗ್ಗೆ ಒಂದು ತಕರಾರು ಇದೆ. ಕಾಯಿ 'ಒಡೆಯಬೇಕು' ಅಂತ ಹೇಳುವವರು ಕೊಬ್ಬರಿ ಮಾಡುವುದನ್ನು ನೋಡಿಲ್ಲ. ನಮ್ಮ ಮನೆಯಲ್ಲಿ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು. ಕೊಬ್ಬರಿ ತಾನಾಗಿ ಕರಟ ಬಿಡಬೇಕು. ಅಪ್ಪ ಒಂದೊಂದು ಕಾಯಿಯನ್ನೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಗಡಗಡ ಅಂದರೆ ಪಕ್ಕಕ್ಕೆ, ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ಅವಸರ ಮಾಡಿ ಒಡೆದರೆ ಚಟ್ನಿಗೆ ಆಗುತ್ತದೆ, ಉಂಡೆ ಕೊಬ್ಬರಿ ಸಿಗಲ್ಲ.

ನನ್ನ ಕೆಳಗಿನ ಮನೆಯವರು 'ಸೀ' ಬಿಟ್ಟು 'ದು' ಅನ್ನೋಣ ಅಂತ ಹೇಳಿದ್ದು ನಾಲ್ಕನೇ ವರ್ಷ. ಸೀ ಅಂದರೆ ನೀವು, ದು ಅಂದರೆ ನೀನು. ದೊಡ್ಡವರೇ ಹೇಳಬೇಕು, ಚಿಕ್ಕವರು ಬಾಯಿ ಹಾಕುವಂತಿಲ್ಲ. ಆತ ಎದ್ದು ನಿಂತು, ಬಿಯರ್ ಗ್ಲಾಸ್ ಎಡಗೈಗೆ ದಾಟಿಸಿ, ಬಲಗೈ ಚಾಚಿ, ನಾಲ್ಕು ವರ್ಷದಿಂದ ಗೊತ್ತಿದ್ದ ತನ್ನ ಹೆಸರನ್ನು ಹೊಸದಾಗಿ ಹೇಳಿದ. ನನಗೆ ನಗು ಬಂತು, ತಡೆದುಕೊಂಡೆ. ನಮ್ಮಲ್ಲಿ ನೀವುನಿಂದ ನೀನುಗೆ ಯಾವತ್ತು ಇಳಿದೆವು ಅಂತ ಯಾರಿಗೂ ನೆನಪಿರಲ್ಲ. ಇವರಿಗೆ ತಾರೀಖು ನೆನಪಿರುತ್ತದೆ.

ಡಾಲಸ್ ದೊಡ್ಡಪ್ಪ:

ತಿಪಟೂರು ಅವರೇ, ನಾನು ಪೀಚ್ ತೋಟದಲ್ಲಿ ಹದಿನಾಲ್ಕು ವರ್ಷ ಇದ್ದವನು, ಕೇಳಿ. ಮನೆ ತಗೊಂಡು ಸಾಮಾನು ಇಳಿಸುವಾಗಲೇ ಪಕ್ಕದವರು ಬನಾನಾ ಬ್ರೆಡ್ ಹಿಡಿದು ಬಂದರು. ಹತ್ತು ನಿಮಿಷದಲ್ಲಿ ತಮ್ಮ ವಿಚ್ಛೇದನದ ಕಥೆ, ಮಂಡಿ ಆಪರೇಷನ್ ಕಥೆ ಎಲ್ಲ ಆಯಿತು. ನಾನು ಹೆಂಡತಿಗೆ ಹೇಳಿದೆ, ನೋಡು, ನಮ್ಮ ಮಂಡ್ಯದ ಜನದ ಥರಾನೇ ಇದ್ದಾರೆ ಅಂತ. ಎಂಟು ವರ್ಷ ಅಕ್ಕಪಕ್ಕ ಇದ್ದೆವು. ದಿನಾ ಕೈ ಬೀಸುವುದು, ದಿನಾ 'ಒಂದು ದಿನ ಊಟಕ್ಕೆ ಸೇರೋಣ'. ಒಂದು ದಿನ ನೋಡಿದರೆ ಮನೆ ಮುಂದೆ ಮಾರಾಟದ ಬೋರ್ಡು. ಹೋಗುವಾಗ ಹೇಳಲೂ ಇಲ್ಲ. ಆ ಊಟ ಇವತ್ತಿಗೂ ಬಾಕಿ ಇದೆ.

ಅವರು ಸುಳ್ಳು ಹೇಳಿದರು ಅಂತ ನಾನು ಅನ್ನಲ್ಲ. ಅಂಗಡಿಯಲ್ಲಿ 'ಹೇಗಿದ್ದೀರಿ' ಅಂತ ಕೇಳುವ ಹುಡುಗಿಗೆ ನಿಜವಾಗಿ ಹೇಗಿದ್ದೀರಿ ಅಂತ ಹೇಳಲು ಹೋದರೆ ಹಿಂದಿನ ಸಾಲಿನವರು ಕೆಮ್ಮುತ್ತಾರೆ. ಅದು ಪ್ರಶ್ನೆ ಅಲ್ಲ, ನಮಸ್ಕಾರ. ಅದನ್ನು ತಿಳಿಯೋಕೆ ನನಗೆ ಎರಡು ವರ್ಷ ಬೇಕಾಯಿತು.

ಫಿಲ್ಟರ್ ಕಾಫಿ, ಮ್ಯೂನಿಕ್:

ನಮ್ಮ 'ಊಟ ಆಯ್ತಾ' ಮತ್ತೇನು ದೊಡ್ಡಪ್ಪಾ? ಬೆಳಿಗ್ಗೆ ಹನ್ನೊಂದಕ್ಕೆ ಸಿಕ್ಕವರೂ ಕೇಳುತ್ತಾರೆ, ಇಲ್ಲ ಅಂದರೆ ಬಡಿಸುತ್ತಾರಾ? ಜರ್ಮನ್ನರಿಗೂ ಇಂಥದ್ದೊಂದು ಇದೆ. ಮಧ್ಯಾಹ್ನ ಆಫೀಸ್ ಕಾರಿಡಾರಿನಲ್ಲಿ 'ಮಾಲ್‌ತ್ಸೈಟ್' ಅನ್ನುತ್ತಾರೆ, 'ಊಟ' ಅಂತಲೇ ಅರ್ಥ. ಊಟಕ್ಕೆ ಹೋಗುವವರೂ ಅನ್ನುತ್ತಾರೆ, ಮುಗಿಸಿ ಬರುವವರೂ ಅನ್ನುತ್ತಾರೆ. ನನಗೆ ಈ ದೇಶದಲ್ಲಿ ಮೊದಲು ಅರ್ಥವಾದ ಪದ ಅದೇ.

ಬನಶಂಕರಿಗೆ ವಾಪಸ್:

ನಾನು ಫ್ರಾಂಕ್‌ಫರ್ಟಿನಲ್ಲಿ ಏಳು ವರ್ಷ ಇದ್ದು ಈಗ ಬೆಂಗಳೂರಿಗೆ ಬಂದವಳು. ನನ್ನ ಮರ್ಯಾದೆ ಹೋದ ಕಥೆ ಹೇಳುತ್ತೇನೆ.

ಹೊಸದರಲ್ಲಿ ಆಫೀಸಿನ ಒಬ್ಬರಿಗೆ ಬಾಯಿ ಮಾತಿಗೆ "ಒಂದ್ಸಲ ಮನೆಗೆ ಬನ್ನಿ" ಅಂದೆ. ನಮ್ಮ ರೂಢಿ ಅಲ್ವಾ? ಮಾತು ಮುಗಿಸೋಕೆ ಬೇರೇನು ಹೇಳುತ್ತೇವೆ? ಆತ ಅಲ್ಲೇ ಕ್ಯಾಲೆಂಡರ್ ತೆಗೆದ. "ಯಾವತ್ತು?" ನಾನು ತಬ್ಬಿಬ್ಬಾಗಿ "ಯಾವತ್ತಾದರೂ" ಅಂದೆ. "ಯಾವತ್ತಾದರೂ ಅಂದರೆ ಆಗಲ್ಲ. ಐದು ವಾರ ಬಿಟ್ಟು ಶನಿವಾರ, ನಾಲ್ಕು ಗಂಟೆ, ಸರೀನಾ?" ಅಂದ. ಐದು ವಾರದಲ್ಲಿ ನಾನು ಮರೆತೇಬಿಟ್ಟೆ. ಶನಿವಾರ ನಾಲ್ಕಕ್ಕೆ ಸರಿಯಾಗಿ ಬೆಲ್. ನೈಟಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿಕೊಂಡು ಬಾಗಿಲು ತೆಗೆದರೆ ಗಂಡ ಹೆಂಡತಿ ಇಬ್ಬರೂ ನಿಂತಿದ್ದಾರೆ. ಕೈಯಲ್ಲಿ ಹೂವು, ತಾವೇ ಮಾಡಿದ ಪ್ಲಮ್ ಕೇಕ್. ಮನೆಯಲ್ಲಿ ಹಾಲು ಕೂಡ ಇರಲಿಲ್ಲ. ಉಪ್ಪಿಟ್ಟು ಕೆದಕಿದೆ. ಇಬ್ಬರೂ ಎರಡೆರಡು ಸಲ ಹಾಕಿಸಿಕೊಂಡರು.

ಆವತ್ತಿನಿಂದ ಒಂದು ಗೊತ್ತಾಯಿತು. ಅವರು ಕರೆಯುವುದು ಕಡಿಮೆ, ಆದರೆ ಕರೆದರೆ ಅದು ಕರೆದದ್ದೇ. ನಾವು ದಿನಕ್ಕೆ ಹತ್ತು ಜನರನ್ನು ಕರೆಯುತ್ತೇವೆ. ಡಾಲಸ್ಸಿನವರ ಬನಾನಾ ಬ್ರೆಡ್ ಪಕ್ಕದವರಿಗೂ ನಮಗೂ ಈ ವಿಷಯದಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲ.

ಇನ್ನೊಂದು ಮಾತು. ಊರಲ್ಲಿ ಹಾಗಿತ್ತು ಹೀಗಿತ್ತು ಅಂತ ಜಾಸ್ತಿ ಕನಸು ಕಾಣಬೇಡಿ. ಈಗ ನಾನಿರುವ ಅಪಾರ್ಟ್‌ಮೆಂಟಿನಲ್ಲಿ ಮುನ್ನೂರು ಮನೆ ಇದೆ. ಎದುರು ಮನೆಯವರ ಹೆಸರು ನನಗೆ ಗೊತ್ತಾಗಿದ್ದು ಅವರ ಪಾರ್ಸೆಲ್ ತಪ್ಪಿ ನಮ್ಮ ಮನೆಗೆ ಬಂದಾಗ. ಹಾಸನದವರೇ, ನೀವು ಹೋಲಿಸುತ್ತಿರುವುದು ಜರ್ಮನಿ ಮತ್ತು ಹಾಸನವನ್ನಾ, ಅಥವಾ ಜರ್ಮನಿ ಮತ್ತು ನಿಮ್ಮ ಬಾಲ್ಯವನ್ನಾ?

ಧಾರವಾಡದಾಂವ, ಪೂರ್ವ ಜರ್ಮನಿ:

ನೋಡ್ರಿ, ಎಲ್ಲಾರೂ ಕಾಯಿ, ಹಣ್ಣು, ಕೊಬ್ಬರಿ ಅಂತ ಛಲೋ ಮಾತಾಡಿದಿರಿ. ಆದರೆ ಎಲ್ಲವನ್ನೂ 'ಅವರ ಸಂಸ್ಕೃತಿ ಹಂಗ' ಅಂತ ಬಿಡಬ್ಯಾಡ್ರಿ. ನಾನಿರುವುದು ಪೂರ್ವದ ಒಂದು ಸಣ್ಣ ಊರು. ಬಾಡಿಗೆ ಮನೆಗೆ ನನ್ನ ಹೆಸರಿನಲ್ಲಿ ಇಮೇಲ್ ಹಾಕಿದರೆ 'ಮನೆ ಹೋಗಿದೆ' ಅಂತ ಉತ್ತರ. ಅದೇ ಮನೆಗೆ ಅದೇ ದಿನ ನನ್ನ ಜರ್ಮನ್ ಗೆಳೆಯ ಹಾಕಿದರೆ 'ಯಾವಾಗ ನೋಡಲು ಬರುತ್ತೀರಿ'. ಟ್ರಾಮಿನಲ್ಲಿ ನನ್ನ ಬಾಜೂಕ ಸೀಟು ಖಾಲಿ ಇದ್ದರೂ ನಿಂತೇ ಹೋಗುವವರನ್ನು ನೋಡಿದ್ದೇನೆ. ಇದಕ್ಕೆ ಲೆವಿನ್ ಸಾಹೇಬರ ಪದರ ಬೇಕಾಗಿಲ್ಲ. ಇದರ ಹೆಸರು ಬೇರೆ ಐತಿ.

ತಂಗಿ, ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಆ ಅಜ್ಜಿ ಚೀಟಿ ಅಂಟಿಸುವುದು ನಿಮ್ಮ ಬಾಗಿಲಿಗೆ ಮಾತ್ರವಾ, ಜರ್ಮನ್ನರ ಬಾಗಿಲಿಗೂ ಅಂಟಿಸುತ್ತಾರಾ? ಎಲ್ಲರಿಗೂ ಅಂಟಿಸಿದರೆ ಅದು ಅವರ ಸ್ವಭಾವ, ನಕ್ಕು ಬಿಡ್ರಿ. ನಿಮಗೊಬ್ಬರಿಗೇ ಆದರೆ ಆ ಚೀಟಿ ಎಸೆಯಬ್ಯಾಡ್ರಿ, ತಾರೀಖು ಹಾಕಿ ಇಟ್ಟುಕೊಳ್ರಿ.

ಹಾಸನದವಳು, ಸ್ಟುಟ್‌ಗಾರ್ಟ್:

ಧಾರವಾಡದ ಅಣ್ಣಾ, ನಿಮ್ಮದು ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ನನಗೆ ಅಂಥದ್ದು ಆಗಿಲ್ಲ. ಅಜ್ಜಿ ಚೀಟಿ ವಿಷಯ ಇವತ್ತು ಕೆಳಗೆ ಹೋಗಿ ನೋಡಿ ಬಂದೆ. ಒಂದನೇ ಮಹಡಿಯ ಜರ್ಮನ್ ಹುಡುಗನ ಸೈಕಲ್ಲಿಗೆ ಮೂರು ಚೀಟಿ ಇದೆ. ಮೂರನೆಯದರಲ್ಲಿ ಎರಡು ಕಡೆ ಕೆಂಪು ಗೆರೆ. ನನ್ನದೇ ವಾಸಿ.

ಬನಶಂಕರಿಯವರೇ, ಬಾಲ್ಯದ ಮಾತು ಚುಚ್ಚಿತು. ಯೋಚನೆ ಮಾಡುತ್ತಿದ್ದೇನೆ.

ಇನ್ನೊಂದು ಮರೆತಿದ್ದೆ. ಇಲ್ಲಿ 'ಕೇರ್‌ವೋಖೆ' ಅಂತ ಇದೆ, ಈ ಸೀಮೆಯವರದೇ ಪದ್ಧತಿ. ವಾರಕ್ಕೊಬ್ಬರು ಸರದಿಯ ಮೇಲೆ ಮೆಟ್ಟಿಲು ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಸಣ್ಣ ಬೋರ್ಡು ತೂಗುತ್ತದೆ. ಮುಗಿದ ಮೇಲೆ ನಾವು ಅದನ್ನು ಮುಂದಿನ ಮನೆಗೆ ತೂಗುಹಾಕಬೇಕು. ಮೊದಲ ಸಲ ಒರೆಸುವಾಗ ಅಜ್ಜಿ ಬಾಗಿಲು ಸ್ವಲ್ಪ ತೆರೆದು ನೋಡಿ, "ಮೂಲೆ" ಅಂದು ಮುಚ್ಚಿಕೊಂಡರು. ನಮ್ಮತ್ತೆ ನೆನಪಾದರು.

ಹಾಲೆಂಡಿನ ಹಳ್ಳಿಹೈದ:

ಜರ್ಮನಿ ವಾಸಿ ಗುರು. ಇಲ್ಲಿ ಹುಟ್ಟುಹಬ್ಬಕ್ಕೆ ಕರೆದರು ಅಂತ ಹೊಟ್ಟೆ ಖಾಲಿ ಇಟ್ಟುಕೊಂಡು ಹೋದೆ. ಕುರ್ಚಿಗಳನ್ನು ವೃತ್ತವಾಗಿ ಹಾಕಿದ್ದರು, ಸತ್ಯನಾರಾಯಣ ಕಥೆ ಕೇಳೋಕೆ ಕೂತ ಹಾಗೆ. ಹುಟ್ಟಿದವನಿಗೆ ಮಾತ್ರ ಶುಭಾಶಯ ಹೇಳಿದರೆ ಸಾಲದು. ಅವನ ಹೆಂಡತಿ, ಅಮ್ಮ, ತಮ್ಮ, ಎಲ್ಲರ ಕೈ ಕುಲುಕಿ ಅವರಿಗೂ ಅಭಿನಂದನೆ ಹೇಳಬೇಕು. ಒಂದು ತುಂಡು ಕೇಕ್, ಒಂದು ಕಾಫಿ. ಊಟದ ಸುದ್ದಿ ಇಲ್ಲ. ಟಾಯ್ಲೆಟ್‌ಗೆ ಹೋದರೆ ಗೋಡೆಗೆ ಹುಟ್ಟುಹಬ್ಬಗಳ ಕ್ಯಾಲೆಂಡರ್. ಇಲ್ಲಿ ಎಲ್ಲರ ಮನೆಯಲ್ಲೂ ಅದು ಅಲ್ಲೇ ಇರುತ್ತದೆ. ಮುಂದಿನ ವರ್ಷ ಆ ಕ್ಯಾಲೆಂಡರಿನಲ್ಲಿ ನನ್ನ ಹೆಸರೂ ಬಂತು. ಟಾಯ್ಲೆಟ್ ಗೋಡೆ ಮೇಲೆ ಹೆಸರು ನೋಡಿ ಖುಷಿಪಟ್ಟ ಮೊದಲ ಮನುಷ್ಯ ನಾನೇ ಇರಬೇಕು.

ಹೊರಗೆ ಒಟ್ಟಿಗೆ ಕಾಫಿ ಕುಡಿದರೆ ಮನೆ ಮುಟ್ಟುವುದರೊಳಗೆ 'ಟಿಕ್ಕಿ' ಆ್ಯಪಿನಲ್ಲಿ ಎರಡೂವರೆ ಯೂರೋ ಕೊಡು ಅಂತ ಮೆಸೇಜ್ ಬರುತ್ತದೆ. ಮೊದಲು ಬೇಜಾರಾಗುತ್ತಿತ್ತು. ಈಗ ನಾನೂ ಕಳಿಸುತ್ತೇನೆ. ಊರಿಗೆ ಹೋದಾಗ ಬಿಲ್ಲಿಗೆ ಕಿತ್ತಾಡುವುದು ಮರೆತುಹೋಗಿ ಭಾವನ ಹತ್ತಿರ ಬೈಸಿಕೊಂಡೆ.

ಕುಡ್ಲದವ, ದುಬೈ:

ಹದಿನಾರು ವರ್ಷ ಆಯ್ತು ಮಾರಾಯ್ರೆ ಇಲ್ಲಿ. ಒಬ್ಬ ಎಮಿರಾಟಿಯ ಮನೆ ಒಳಗೆ ಹೋದದ್ದಿಲ್ಲ. ಜನಸಂಖ್ಯೆಯಲ್ಲಿ ಅವರು ಇರುವುದೇ ಹತ್ತರಲ್ಲಿ ಒಬ್ಬರ ಲೆಕ್ಕ. ನಮಗೆ ಸಿಕ್ಕುವುದೇ ಮಲಯಾಳಿ, ಪಾಕಿಸ್ತಾನಿ, ಫಿಲಿಪೀನಿ. ತುಳು ಮಾತಾಡುವವರಂತೂ ಬೇಕಾದಷ್ಟು ಉಂಟು. ಸ್ನೇಹಕ್ಕೆ ಬರ ಇಲ್ಲ. ಆದರೆ ವೀಸಾ ಮುಗಿದರೆ ಯಾರು ಯಾವಾಗ ಹೊರಡುತ್ತಾರೆ ಗೊತ್ತಿಲ್ಲ, ಹಾಗಾಗಿ ಸ್ನೇಹವೂ ಬೇಗ ಆಗುತ್ತದೆ. ಮೂರನೇ ದಿನಕ್ಕೇ ಒಟ್ಟಿಗೆ ನೀರುದೋಸೆ. ನಿಮ್ಮ ಅಜ್ಜಿಗೆ ಏನು, ಎಲ್ಲಿಗೂ ಹೋಗಲಿಕ್ಕಿಲ್ಲ, ನಿಧಾನ ಮಾಡುತ್ತಾರೆ.

ಎಸ್ಲಿಂಗನ್ ಕನ್ನಡತಿ:

ನಾನು ನಿಮ್ಮ ಪಕ್ಕದ ಊರಿನವಳು, ಹಾಸನದವರೇ. ಮೊದಲು ಒಂದು ಅಡ್ಡ ಮಾತು. ಮಂಗಳೂರಲ್ಲಿ 1843ರ ಜುಲೈನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಹರ್ಮನ್ ಮೊಗ್ಲಿಂಗ್ ಇದೇ ಸೀಮೆಯವರು. 1881ರಲ್ಲಿ ತೀರಿಕೊಂಡದ್ದು ನಮ್ಮ ಎಸ್ಲಿಂಗನ್ನಿನಲ್ಲೇ. ಕನ್ನಡ ಕಲಿತು, ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದ ಮನುಷ್ಯ. ಅವರಿಗೆ ಮಂಗಳೂರಲ್ಲಿ ದಿನಾ ಎಷ್ಟು ಜನ 'ಊಟ ಆಯ್ತಾ' ಕೇಳಿರಬಹುದು, ಅವರು ಏನು ಉತ್ತರ ಕೊಟ್ಟಿರಬಹುದು ಅಂತ ನನಗೆ ಆಗಾಗ ಅನ್ನಿಸುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಒಂದು ಅಧ್ಯಯನ ಹೊರತಂದರು. ಬರೀ ಪರಿಚಯ ಸಾಧಾರಣ ಸ್ನೇಹ ಆಗೋಕೆ ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ಗೆಳೆಯರು ಅನ್ನೋಕೆ 90, ತೀರಾ ಆಪ್ತರಾಗೋಕೆ 200ಕ್ಕೂ ಜಾಸ್ತಿ. ಅದು ಅಮೆರಿಕದ ಲೆಕ್ಕ, ಇರಲಿ. ನಿಮ್ಮ ಅಜ್ಜಿಗೆ ಇದನ್ನೇ ಹಾಕಿ ನೋಡಿ. ಮೆಟ್ಟಿಲಲ್ಲಿ ಹತ್ತು ಸೆಕೆಂಡ್, ದಿನಕ್ಕೊಂದು ಸಲ, ಮೂರು ವರ್ಷ. ಒಟ್ಟು ಮೂರು ಗಂಟೆ! ಬರೀ ಮೂರು ಗಂಟೆಯ ಪರಿಚಯಕ್ಕೆ ಡಬ್ಬಿ ತೊಳೆದು ಚೀಟಿ ಬರೆದಿದ್ದೇ ಹೆಚ್ಚು ಅಲ್ವಾ?

ನನಗೆ ಇಲ್ಲಿ ಸ್ನೇಹ ಸಿಕ್ಕಿದ್ದು ಹಾಡಿನ ಸಂಘದಲ್ಲಿ. ಇವರಿಗೆ ಎಲ್ಲದಕ್ಕೂ 'ಫೆರೈನ್' ಬೇಕು. ಹಾಡೋಕೆ, ಬೆಟ್ಟ ಹತ್ತೋಕೆ, ಮೊಲ ಸಾಕೋಕೆ, ಎಲ್ಲಕ್ಕೂ ನೋಂದಾಯಿಸಿದ ಸಂಘ, ಖಜಾಂಚಿ, ವಾರ್ಷಿಕ ಸಭೆ. ನಾನು ಪ್ರತಿ ಮಂಗಳವಾರ ಎರಡು ಗಂಟೆ ಹೋದೆ. ಮೊದಲ ಆರು ತಿಂಗಳು ನನ್ನ ಪಕ್ಕ ನಿಲ್ಲುವಾಕೆ ಹಾಳೆ ತಿರುಗಿಸುವುದು ಬಿಟ್ಟು ಬೇರೆ ಮಾತಾಡಲಿಲ್ಲ. ಎರಡನೇ ಚಳಿಗಾಲದಲ್ಲಿ ನನಗೆ ಜ್ವರ ಬಂದು ಎರಡು ಮಂಗಳವಾರ ತಪ್ಪಿತು. ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ, ಸೂಪಿನ ಪಾತ್ರೆ ಕೊಟ್ಟು, "ಬುಧವಾರ ನನಗೆ ರಜೆ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೇನೆ, ಎಂಟೂವರೆಗೆ ಕೆಳಗೆ ಇರು" ಅಂದಳು. ಕೇಳಲಿಲ್ಲ, ಹೇಳಿದಳು. ಅಮ್ಮ ಬಿಟ್ಟರೆ ನನಗೆ ಹಾಗೆ ಹೇಳುವವರು ಈ ದೇಶದಲ್ಲಿ ಯಾರೂ ಇರಲಿಲ್ಲ.

ಆಫೀಸಿನವರನ್ನು ನಂಬಿಕೊಳ್ಳಬೇಡಿ. ಅವರಿಗೆಲ್ಲ ಶಾಲೆಯ ಕಾಲದ ಗೆಳೆಯರು ಅದೇ ಊರಲ್ಲಿ ಇದ್ದಾರೆ, ಜಾಗ ಖಾಲಿ ಇಲ್ಲ. ಜಾಗ ಖಾಲಿ ಇರುವವರು ಸಂಘಕ್ಕೆ ಬರುತ್ತಾರೆ.

ಧಾರವಾಡದಾಂವ, ಪೂರ್ವ ಜರ್ಮನಿ:

ಇದು ಖರೆ. ನಮ್ಮೂರಾಗೂ ಟೇಬಲ್ ಟೆನಿಸ್ ಸಂಘದವರೇ ಕಡೀಗೆ ನನಗೆ ಮನೆ ಹುಡುಕಿ ಕೊಟ್ಟರು. ಮೊದಲು ಹೇಳಿದ್ದನ್ನೂ ವಾಪಸ್ ತಗೊಳ್ಳಲ್ಲ, ಎರಡೂ ಒಂದೇ ಊರು.

ಹಾಸನದವಳು, ಸ್ಟುಟ್‌ಗಾರ್ಟ್ (ಏಳು ತಿಂಗಳ ನಂತರ):

ಯಾರಿಗಾದರೂ ಈ ಮಾತುಕತೆ ನೆನಪಿದೆಯಾ? ಒಂದು ಸುದ್ದಿ, ಜೊತೆಗೆ ಒಂದು ಪ್ರಶ್ನೆ.

ನಿನ್ನೆ ಅಜ್ಜಿ ಬೆಲ್ ಮಾಡಿದರು. ಮಂಡಿ ನೋವಿಗೆ ಮೂರು ವಾರ ಆರೈಕೆಗೆ ಹೋಗುತ್ತಾರಂತೆ, ಗಿಡಗಳಿಗೆ ನೀರು ಹಾಕಲು ಆಗುತ್ತಾ ಅಂತ ಕೇಳಿದರು. ಆಯಿತು ಅಂದೆ. ಬೀಗದ ಕೈ ಕೊಟ್ಟರು, ಒಳಗೆ ಕರೆದರು. ಮೂರೂವರೆ ವರ್ಷಕ್ಕೆ ಹೊಸಿಲು ದಾಟಿದೆ! ಅಡುಗೆಮನೆ ಮೇಜಿನ ಮೇಲೆ ಟೈಪ್ ಮಾಡಿದ ಎರಡು ಹಾಳೆ. ಆರ್ಕಿಡ್‌ಗೆ ಗುರುವಾರ ಮಾತ್ರ, ನೀರು ತಣ್ಣಗಿರಬಾರದು. ಜೆರೇನಿಯಂಗೆ ದಿನಾ ಸಂಜೆ. ಕಿಟಕಿ ಯಾವುದು, ಎಷ್ಟು ಹೊತ್ತು ತೆರೆಯಬೇಕು, ಎಲ್ಲ ಇದೆ. ಫ್ರಿಜ್ ಬಾಗಿಲಿಗೆ 'ತುರ್ತು ಸಂದರ್ಭ' ಅಂತ ಒಂದು ಪಟ್ಟಿ ಅಂಟಿಸಿದ್ದರು. ಮೊದಲನೇ ಹೆಸರು ಹ್ಯಾಂಬರ್ಗಿನಲ್ಲಿರುವ ಮಗನದು. ಎರಡನೆಯದು ನನ್ನದು. ಆಫೀಸಿನಲ್ಲಿ ಇವತ್ತಿಗೂ ಯಾರೂ ಸರಿಯಾಗಿ ಬರೆಯದ ನನ್ನ ಪೂರ್ತಿ ಹೆಸರು, ಒಂದಕ್ಷರ ತಪ್ಪಿಲ್ಲ. ಆ ಹಾಳೆ ಹೊಸದಲ್ಲ, ಅಂಚು ಹಳದಿ ಆಗಿತ್ತು.

ಧೈರ್ಯ ಮಾಡಿ ಡಬ್ಬಿ ವಿಷಯ ಕೇಳಿಯೇಬಿಟ್ಟೆ. ಅವರ ಮುಖ ಕೆಂಪಾಯಿತು. "ಹೌದು, ಮೂರು ದಿನ ಇಟ್ಟುಕೊಂಡೆ, ಬೇಗ ವಾಪಸ್ ಕೊಡಬೇಕಿತ್ತು. ನೀವು ಬೇಜಾರು ಮಾಡಿಕೊಂಡಿರಾ?" ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಇನ್ನೂ 'ಸೀ'ಯಲ್ಲೇ ಇದ್ದೇವೆ ತಿಪಟೂರು ಅಣ್ಣಾ, ಅಲ್ಲಾಡಿಸಿ ನೋಡಿಲ್ಲ.

ಪ್ರಶ್ನೆ ಏನಂದರೆ, ಮುಂದಿನ ತಿಂಗಳು ಊರಿಗೆ ಹೋಗುತ್ತಿದ್ದೇನೆ. ಅವರಿಗೆ ಏನು ತರಲಿ? ಕಾಫಿ ಪುಡಿ ಅಂದುಕೊಂಡಿದ್ದೇನೆ.

ಫಿಲ್ಟರ್ ಕಾಫಿ, ಮ್ಯೂನಿಕ್:

ಕಾಫಿ ಪುಡಿ ತನ್ನಿ, ಆದರೆ ಚಿಕೋರಿ ಇಲ್ಲದ್ದು. ಇಲ್ಲಿನ ಹಳಬರಿಗೆ ಚಿಕೋರಿ ಅಂದರೆ ಯುದ್ಧದ ಕಾಲದ, ಕಾಫಿ ಬೀಜ ಸಿಗದಿದ್ದಾಗಿನ ಬಡವರ ಕಾಫಿ. ನಿಮ್ಮ ಹಾಸನದ ಕಡೆಯದೇ ತನ್ನಿ, ಸಕಲೇಶಪುರದ್ದು. ಡಿಕಾಕ್ಷನ್ ಹಾಕುವುದನ್ನು ಹೇಳಿಕೊಡಬೇಡಿ, ಅವರ ಫಿಲ್ಟರ್ ಅವರಿಗಿದೆ.

ಬನಶಂಕರಿಗೆ ವಾಪಸ್:

ಡಬ್ಬಿಯಲ್ಲಿ ಹಾಕಿ ಕೊಡಿ. ಅದೇ ಡಬ್ಬಿ.